ಎಂಟು ಗಜದ ಠೇಂಕಾರ

ಹೆಕ್ಟರ್ ಮಕ್‌ಫೇಲ್‌ಗೆ ಜನರೆಂದರೆ ಆಗುತ್ತಿರಲಿಲ್ಲ. ಹಾಗೆಂದು ಅವನು ಜನರಿಲ್ಲದ ಕಡೆ ಹೋಗಿ ಕೂತವನೂ ಅಲ್ಲ. ಸ್ಕಾಟ್ಲೆಂಡಿನ ಓಬನ್ ಊರಿನಲ್ಲೇ ಅತಿ ಹೆಚ್ಚು ಜನ ಓಡಾಡುವ ಜಾಗ ಯಾವುದೋ ಅಲ್ಲಿಗೇ, ರೈಲು ನಿಲ್ದಾಣಕ್ಕೂ ಮಲ್ ದ್ವೀಪದ ಹಡಗು ಬಂದು ನಿಲ್ಲುವ ಕಟ್ಟೆಗೂ ನಡುವಿನ ಹಸಿರು ಬೆಂಚಿಗೇ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಂದು ಕೂರುತ್ತಿದ್ದ. ಅದೂ ಮಂಡಿಯವರೆಗಿನ ನೆರಿಗೆಯ ಲಂಗದಂಥ ಕಿಲ್ಟ್ ಉಟ್ಟು. ಉಳಿದ ಗಂಡಸರು ಮದುವೆಗೆ, ಹೊಸ ವರ್ಷದ ಕುಣಿತಕ್ಕೆ, ಹೆಚ್ಚೆಂದರೆ ಅಪ್ಪನ ಶವಪೆಟ್ಟಿಗೆ ಹೊರುವ ದಿನ ಉಡುವ ಬಟ್ಟೆಯನ್ನು ಇವನು ಆಲೂಗಡ್ಡೆ ತರಲಿಕ್ಕೂ ಉಟ್ಟು ಹೋಗುತ್ತಿದ್ದ. ಅದನ್ನು ನೋಡಿ ಪರವೂರಿನವರು ಹತ್ತಿರ ಬಂದು ಮಾತಾಡಿಸಿದರೆ, ಅವರನ್ನು ಕಾಲ ಕಸಕ್ಕಿಂತ ಕಡೆಯಾಗಿ ಕಾಣುತ್ತಿದ್ದ. ಮೈಗೆಲ್ಲ ಬೆಲ್ಲ ಸವರಿಕೊಂಡು ಕೂತು ಇರುವೆಗಳನ್ನು ಬೈಯುವ ಮನುಷ್ಯ.

ಅವನ ಪ್ರಕಾರ ಈ ಭೂಮಿಯ ಮೇಲಿರುವುದು ಮೂರೇ ಜಾತಿ. ಒಳಗೇನು ಹಾಕಿದ್ದೀರಿ ಎಂದು ಕೇಳುವವರು ಮೊದಲನೆಯವರು. ಇವರಿಗೆ, "ಹಳೇ ಸಾಮಾನು. ಮಾರೋಕಿಟ್ಟಿಲ್ಲ" ಎನ್ನುತ್ತಿದ್ದ. ಚಳಿಯಾಗುವುದಿಲ್ಲವೇ ಎಂದು ಕೇಳುವವರು ಎರಡನೆಯವರು. ಹೆಚ್ಚಾಗಿ ಮೂಗಿನ ತನಕ ಜಾಕೀಟು ಏರಿಸಿಕೊಂಡ ಜರ್ಮನರು. ಅವರಿಗೆ, "ಚಳಿ ಆಗೋದು ಪ್ಯಾಂಟು ಹಾಕ್ಕೊಂಡೋರಿಗೆ" ಎನ್ನುತ್ತಿದ್ದ. ಮೂರನೆಯ ಜಾತಿಯೇ ಅತ್ಯಂತ ಹೀನ: ಕೆನಡಾದಿಂದಲೋ ನ್ಯೂಜಿಲೆಂಡಿನಿಂದಲೋ ಬಂದು, ನಮ್ಮ ಮುತ್ತಜ್ಜ ಇಲ್ಲಿಯವರೇ ಎಂದು ಕಣ್ಣು ಒದ್ದೆ ಮಾಡಿಕೊಳ್ಳುವವರು.

"ನಿಮ್ಮ ಮುತ್ತಜ್ಜ ಜಾಣ, ಹೊರಟುಹೋದ. ನೀವ್ಯಾಕೆ ವಾಪಸ್ ಬಂದ್ರಿ?" ಎಂದು ಹೆಕ್ಟರ್ ಕೇಳುತ್ತಿದ್ದ.

ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೈಗುಳವನ್ನೂ ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಳ್ಳುವ ಇಂಥವರಿಗೆ ಏನು ಮಾಡುವುದು? ಅವನ ಪಕ್ಕದಲ್ಲೇ ಕೂರುತ್ತಿದ್ದರು, ಅರ್ಧ ಗಂಟೆ ಹರಟುತ್ತಿದ್ದರು. ಅವನೂ ಹರಟುತ್ತಿದ್ದ. ಕಿಲ್ಟಿಗೆ ಎಂಟು ಗಜ ಉಣ್ಣೆ ಬೇಕು, ಮಂಡಿಯೂರಿ ಕೂತರೆ ಅಂಚು ನೆಲ ಮುಟ್ಟಬಾರದು, ಇದು ನನ್ನ ಚಿಕ್ಕಪ್ಪ ಮರ್ಡೋ ಯುದ್ಧಕ್ಕೂ ಮುಂಚೆ ಹೊಲಿಸಿದ್ದು, ಈ ಬಣ್ಣದ ಚೌಕಳಿ ನೇಯುತ್ತಿದ್ದ ಮಗ್ಗ ಈಗ ಇಲ್ಲ, ಆ ಮೂಲೆಯ ಹೋಟೆಲಿನಲ್ಲಿ ಮೀನು ತಿನ್ನಬೇಡಿ, ಇದರಲ್ಲಿ ತಿನ್ನಿ. ಹಡಗು ಹೊರಟಾಗ ಅವರು ಮೇಲಿನಿಂದ ಕೈ ಬೀಸಿದರೆ ಇವನ ಕೈಯೂ ಏಳುತ್ತಿತ್ತು. ಯಾರಾದರೂ ನೋಡಿ ಕೇಳಿದರೆ, "ಕೈ ಬೀಸಿದ್ದಲ್ಲ, ನೊರಜು ಓಡಿಸಿದ್ದು" ಎನ್ನುತ್ತಿದ್ದ.

ಅವನ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಇಷ್ಟು ವರ್ಷದಲ್ಲಿ ತಾನಾಗಿ ಒಬ್ಬರನ್ನೂ ಮಾತಾಡಿಸಿದವನಲ್ಲ. ಪಬ್ಬಿನಲ್ಲಿ ಎರಡು ಗ್ಲಾಸು ಒಳಗೆ ಹೋದ ಮೇಲೆ ಇದನ್ನು ತಪ್ಪದೆ ಹೇಳುತ್ತಿದ್ದ.

"ಅವರೇ ಬರ್ತಾರೆ, ಅವರೇ ಬಾಯಿ ಬಿಡ್ತಾರೆ. ನಾನು ಉತ್ತರ ಕೊಡ್ತೀನಿ, ಅಷ್ಟೆ. ಭಿಕ್ಷುಕರ ಹಾಗೆ ಮಾತು ಬೇಡೋ ವಂಶ ಅಲ್ಲ ನಮ್ದು."

ಪಬ್ಬಿನವರು ಇದನ್ನು ಕೇಳಿ ಕೇಳಿ ಕಿವಿ ತೂತಾಗಿ, ಅವನು ಬಾಯಿ ತೆರೆದರೆ ಬೆನ್ನು ತಿರುಗಿಸಿ ಕೂರುವ ಅಭ್ಯಾಸ ಮಾಡಿಕೊಂಡಿದ್ದರು.

ಅವನು ಮೂವತ್ತೆಂಟು ವರ್ಷ ಅದೇ ಕಟ್ಟೆಯಲ್ಲಿ ಹಡಗಿನ ಹಗ್ಗ ಹಿಡಿದವನು. ಹಡಗಿನಿಂದ ಎಸೆದ ಹಗ್ಗವನ್ನು ಹಿಡಿದು ಗೂಟಕ್ಕೆ ಹಾಕುವುದು, ಹೊರಡುವಾಗ ಬಿಚ್ಚುವುದು. ಆಗೆಲ್ಲ ಹಳದಿ ಎಣ್ಣೆಬಟ್ಟೆಯ ಪ್ಯಾಂಟು. ಮೂವತ್ತೆಂಟು ವರ್ಷದಲ್ಲಿ ಒಬ್ಬ ಪ್ರಯಾಣಿಕನೂ ಅವನ ಮುಖ ನೋಡಲಿಲ್ಲ. ಗೂಟದ ಮುಖ ಯಾರು ನೋಡುತ್ತಾರೆ? ಕೆಲಸ ಬಿಟ್ಟ ದಿನ ಪ್ಯಾಂಟುಗಳನ್ನೆಲ್ಲ ಸಮುದ್ರಕ್ಕೆ ಎಸೆದೆ ಎಂದು ಹೇಳಿಕೊಂಡು ತಿರುಗಿದ. ಸುಳ್ಳು. ಮಡಿಸಿ, ನುಸಿಗುಳಿಗೆ ಹಾಕಿ, ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದ. ಮಾರನೆಯ ದಿನ ಚಿಕ್ಕಪ್ಪನ ಕಿಲ್ಟ್ ಉಟ್ಟು ಅದೇ ಕಟ್ಟೆಗೆ ಬಂದಾಗ ಹತ್ತು ನಿಮಿಷದಲ್ಲಿ ನಾಲ್ಕು ಜನ ಮಾತಾಡಿಸಿದರು. ಅವತ್ತಿನಿಂದ ಹನ್ನೊಂದು ವರ್ಷ, ಅವನು ಅದನ್ನು ಬಿಚ್ಚಿದ್ದು ಮಲಗುವುದಕ್ಕೆ ಮಾತ್ರ.

ಮದುವೆಯಾಗಿರಲಿಲ್ಲ. ತನಗೆ ತಕ್ಕವಳು ಈ ಊರಲ್ಲಿರಲಿಲ್ಲ ಎಂದು ಅವನು ಹೇಳುತ್ತಿದ್ದ. ಅವನನ್ನು ಒಂದು ಕುಣಿತ ಮುಗಿಯುವ ತನಕ ಸಹಿಸಿಕೊಂಡವಳೂ ಇರಲಿಲ್ಲ ಎಂದು ಡೋಲಿನಾ ಮಕಿನ್ನೆಸ್ ಹೇಳುತ್ತಿದ್ದಳು. ಅವಳ ಮಾತು ನಂಬಬಹುದು, ಅರ್ಧ ಕುಣಿತ ಸಹಿಸಿದವಳು ಅವಳೇ. ಕಿಲ್ಟ್ ಹೊಲಿಯುವವಳು, ಶಾಲೆಯಲ್ಲಿ ಹೆಕ್ಟರನ ಹಿಂದಿನ ಬೆಂಚು.

ಮನೆಯಲ್ಲಿ ಅವನಿಗೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ, ಅವನು ಮುಚ್ಚಿಡುತ್ತಿದ್ದ. ಚಳಿಗಾಲದಲ್ಲಿ ಹಡಗು ನಿಂತ ದಿನ ಅವನ ಬಾಯಿಂದ ಇಡೀ ದಿನಕ್ಕೆ ಹೊರಡುತ್ತಿದ್ದದ್ದು, ಮಾಂಸದಂಗಡಿಯಲ್ಲಿ, "ಎರಡು ಸಾಸೇಜು" ಎಂಬ ಎರಡು ಪದ. ಅವನು ಕೀಳಾಗಿ ಕಾಣುತ್ತಿದ್ದ ಆ ಪ್ರವಾಸಿಗಳಲ್ಲಿ ಕೆಲವರು ಊರಿಗೆ ಹೋದ ಮೇಲೆ ಕಾಗದ ಹಾಕುತ್ತಿದ್ದರು. "ಕಿಲ್ಟಿನ ಯಜಮಾನರು, ಹಸಿರು ಬೆಂಚು, ಓಬನ್" ಎಂದಷ್ಟೇ ವಿಳಾಸ. ಅಂಚೆಯವನು ಬೆಂಚಿಗೇ ತಂದು ಕೊಡುತ್ತಿದ್ದ. "ಒಲೆಗೆ ಹಾಕ್ತೀನಿ" ಎನ್ನುತ್ತಿದ್ದ ಹೆಕ್ಟರ್. ಒಂದನ್ನೂ ಹಾಕಿರಲಿಲ್ಲ. ಬಿಸ್ಕತ್ತಿನ ಹಳೆಯ ಡಬ್ಬಿಯೊಂದರಲ್ಲಿ ನೂರಾರು ಇದ್ದವು. ಆ ಡಬ್ಬಿಯ ಮೇಲೆ ಕಿಲ್ಟ್ ಉಟ್ಟು ಹಲ್ಲು ಕಿರಿಯುವ ಒಬ್ಬನ ಚಿತ್ರ. ಆ ಚಿತ್ರ ಕಂಡರೂ ಅವನಿಗೆ ಮೈ ಉರಿಯುತ್ತಿತ್ತು.

ಏಪ್ರಿಲಿನ ಒಂದು ಮಧ್ಯಾಹ್ನ ಜಡಿಮಳೆ ಹಿಡಿಯಿತು. ಹೆಕ್ಟರ್ ತೊಯ್ದು ಪಬ್ಬಿಗೆ ಬಂದು, ಕಿಲ್ಟ್ ಉಡುವವರೆಲ್ಲ ಮಾಡುವಂತೆ, ಒಲೆಗೆ ಬೆನ್ನು ಹಾಕಿ, ಹಿಂದಿನ ನೆರಿಗೆಗಳನ್ನು ತುಸು ಮೇಲೆತ್ತಿ ಕಾಯಿಸಿಕೊಳ್ಳುತ್ತ ನಿಂತ. ಒದ್ದೆ ಉಣ್ಣೆ ಕಾದಾಗ ಕುರಿ ಮತ್ತೆ ಜೀವ ಪಡೆದಂಥ ವಾಸನೆ ಬರುತ್ತದೆ. ಅದಕ್ಕೆ ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ. ಎದುರಿನ ಮೇಜಿನಲ್ಲಿ ಒಬ್ಬಳು ಡಚ್ ಹೆಂಗಸು, ಐವತ್ತರ ಹತ್ತಿರ, ಬಿಯರ್ ಕುಡಿಯುತ್ತ ಕೂತಿದ್ದಳು. ಅವಳು ಇವನನ್ನು ನೋಡಿದಳು, ಮತ್ತೆ ನೋಡಿದಳು, ಎದ್ದು ಬಂದಳು.

"ಕ್ಷಮಿಸಿ ಸಾರ್, ನಿಮ್ಮ ಸ್ಕರ್ಟ್—"

"ಸ್ಕರ್ಟ್ ಅಲ್ಲ" ಅಂದ ಹೆಕ್ಟರ್, ಕಣ್ಣು ಮುಚ್ಚಿಕೊಂಡೇ. ಇಂಥದ್ದಕ್ಕೆಂದೇ ಅವನು ಒಂದು ಉಪನ್ಯಾಸ ಇಟ್ಟುಕೊಂಡಿದ್ದ. "ಕಿಲ್ಟ್. ಹೇಳಿ, ಕಿಲ್ಟ್."

"ಹೌದು, ಕಿಲ್ಟ್. ಅದು ಹಿಂದೆ—"

"ಹಿಂದೆ ಅಲ್ಲಮ್ಮ, ಈಗ್ಲೂ ಉಡ್ತೀವಿ. ನಿಮ್ಮೋರೆಲ್ಲ ಬಂದು ಇದನ್ನೇ ಹೇಳ್ತೀರಿ, ಹಿಂದಿನ ಕಾಲದ್ದು, ಹಿಂದಿನ ಕಾಲದ್ದು ಅಂತ. ಎಂಟು ಗಜ ಉಣ್ಣೆ ಇದು. ನಿಮ್ಮ ದೇಶದ ತೆಳ್ಳನೆ ಲಂಗ ಅಂದ್ಕೊಂಡ್ರಾ?"

"ಸಾರ್, ದಯವಿಟ್ಟು, ಹೊಗೆ—"

"ಯುದ್ಧದಲ್ಲಿ ಹೊಗೆ, ಗುಂಡು, ಕೆಸರು, ಎಲ್ಲಾ ತಡ್ಕೊಂಡಿದೆ ಈ ಬಟ್ಟೆ! ನನ್ನ ಚಿಕ್ಕಪ್ಪ—"

ಆ ಹೆಂಗಸು ತನ್ನ ಗ್ಲಾಸು ತಂದು, ಅವನನ್ನು ಭುಜ ಹಿಡಿದು ತಿರುಗಿಸಿ, ಅರ್ಧ ಲೀಟರು ಬಿಯರನ್ನು ಅವನ ಹಿಂಬದಿಗೆ ಎರಚಿದಳು. ಚುಂಯ್ ಎಂದಿತು. ಹನ್ನೊಂದು ವರ್ಷದಿಂದ ಅವನಿಗೆ ಬೆನ್ನು ತಿರುಗಿಸಿ ಕೂತಿದ್ದ ಇಡೀ ಪಬ್ಬು ಅವತ್ತು ಅವನತ್ತ ಮುಖ ಮಾಡಿ, ಮೇಜು ಕುಟ್ಟಿ ನಕ್ಕಿತು. ಅವಳಿಗೆ ಅವನ ಬಾಯಿಂದ ಒಂದು ಕೃತಜ್ಞತೆಯ ಮಾತೂ ಬರಲಿಲ್ಲ. "ಒಳ್ಳೇ ಬಿಯರು ದಂಡ ಮಾಡಿದ್ಲು" ಎಂದು ಹೇಳಿ ಹೊರಗೆ ನಡೆದ. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಮಾರನೆಯ ದಿನ, ಬೀರುವಿನ ಕೆಳಖಾನೆಯ ಪ್ಯಾಂಟು ಹಾಕಿಕೊಂಡು, ಕಿಲ್ಟನ್ನು ಕಾಗದದಲ್ಲಿ ಸುತ್ತಿ, ಹಿಂದಿನ ಓಣಿಯಲ್ಲಿ ಕಳ್ಳನಂತೆ ನಡೆದು ಡೋಲಿನಾಳ ಮನೆಗೆ ಹೋದ. ಅವಳು ಕಿಲ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಸುಟ್ಟ ಜಾಗದಲ್ಲಿ ಬೆರಳು ಹಾಕಿದಳು. ಬೆರಳು ಆಚೆ ಬಂತು.

"ಮೂರು ನೆರಿಗೆ ಹೋಗಿದೆ" ಅಂದಳು. "ಏನೋ, ಕುಂಡೆ ಸುಡ್ತಿದ್ರೂ ಗೊತ್ತಾಗ್ಲಿಲ್ವೇನೋ ನಿಂಗೆ?"

"ಮಾತಾಡ್ತಿದ್ದೆ."

"ಅದು ಗೊತ್ತು. ಊರಿಗೆಲ್ಲಾ ಗೊತ್ತು."

"ಸರಿ ಹೋಗುತ್ತಾ ಇಲ್ವಾ, ಅಷ್ಟು ಹೇಳು."

ಡೋಲಿನಾ ನೆರಿಗೆಗಳನ್ನು ಒಂದೊಂದಾಗಿ ಬಿಡಿಸಿ ಒಳಗೆ ನೋಡಿದಳು. ಹೆಕ್ಟರ್ ಟೋಪಿ ಹಿಂಡುತ್ತ ನಿಂತಿದ್ದ. ಆ ಬಟ್ಟೆ ಇನ್ನೆಲ್ಲೂ ಸಿಗುವಂಥದ್ದಲ್ಲ. ಅದು ಹೋದರೆ ತನಗೆ ಏನು ಹೋದಂತೆ ಎಂಬುದು ಅವನಿಗೆ ಅಲ್ಲಿ ನಿಂತಾಗಲೂ ಸರಿಯಾಗಿ ತಿಳಿದಿರಲಿಲ್ಲ. ಚಿಕ್ಕಪ್ಪನ ನೆನಪು ಎಂದುಕೊಂಡಿದ್ದ.

"ಹಳಬರು ದಡ್ಡರಲ್ಲ" ಅಂದಳು ಕೊನೆಗೆ. "ಒಂದು ಬಟ್ಟೆ ಎರಡು ಸಲ ಬಾಳ್ಲಿ ಅಂತ್ಲೇ ಎಂಟು ಗಜ ಇಟ್ರು. ಪೂರ್ತಿ ಬಿಚ್ಚಿ, ಒಳಗಿನ ಮಡಿಕೆ ಹೊರಗೆ, ಹೊರಗಿಂದು ಒಳಗೆ ಮಾಡಿ ಮತ್ತೆ ನೆರಿಗೆ ಹಿಡೀಬೇಕು. ಸುಟ್ಟಿದ್ದು ಒಳಗೆ ಹೋಗುತ್ತೆ. ಯಾರಿಗೂ ಕಾಣಲ್ಲ."

"ಯಾವಾಗ ಕೊಡ್ತೀಯ?"

"ಆರು ವಾರ."

"ಆರು ವಾರ! ಅಲ್ಲೀವರೆಗೆ ನಾನೇನು ಉಡ್ಲಿ?"

"ಈಗ ಉಟ್ಕೊಂಡಿದೀಯಲ್ಲ, ಅದನ್ನೇ. ಸಮುದ್ರಕ್ಕೆಸೆದ ಪ್ಯಾಂಟು ಈಜ್ಕೊಂಡು ವಾಪಸ್ ಬಂತಾ?" ಅಂದಳು ಡೋಲಿನಾ. ಆಮೇಲೆ ಸ್ವಲ್ಪ ಕನಿಕರ ಬಂತೋ ಏನೋ, ಗೋಡೆಯ ಮೊಳೆಯತ್ತ ಕೈ ತೋರಿಸಿದಳು. "ಅಲ್ಲೊಂದಿದೆ ನೋಡು. ಕ್ಯಾಂಬೆಲ್ಲರದ್ದು. ನಿನ್ನ ಸೊಂಟಕ್ಕೆ ಆಗುತ್ತೆ. ಬೇಕಾದ್ರೆ ಉಟ್ಕೋ."

"ಕ್ಯಾಂಬೆಲ್ಲರದ್ದಾ? ಆ ವೈರಿ ವಂಶದ ಚೌಕಳಿ ನಾನು ಉಡೋದಾ? ಅದಕ್ಕಿಂತ ಬೆತ್ತಲೆ ಹೋಗ್ತೀನಿ."

"ಹೋಗು. ಹಳೇ ಸಾಮಾನು ನೋಡಿ ಯಾರಾದ್ರೂ ಮಾತಾಡಿಸ್ತಾರೆ."

ಎರಡು ವಾರ ಅವನು ಮನೆ ಬಿಟ್ಟು ಹೊರಡಲಿಲ್ಲ. ಹೊರಟರೂ ಬೆಂಚಿನ ಕಡೆ ಹೋಗಲಿಲ್ಲ. "ನಿಶ್ಶಬ್ದ ಎಷ್ಟು ಚೆನ್ನಾಗಿದೆ" ಎಂದು ಗಟ್ಟಿಯಾಗಿ ಹೇಳಿಕೊಂಡ. ಹೇಳಿದ ಮಾತು ಗೋಡೆಗೆ ಬಡಿದು ಅವನ ಬಳಿಗೇ ಬಂತು. ಡಬ್ಬಿ ತೆಗೆದು ಕಾಗದಗಳನ್ನು ಓದಿದ, ಒಂದೊಂದಕ್ಕೂ "ಪೆದ್ದ", "ಪೆದ್ದಿ" ಎಂದು ಷರಾ ಹಾಕುತ್ತ. ಎರಡನೆಯ ಸಲ ಓದುವಾಗ ಷರಾ ಹಾಕಲಿಲ್ಲ. ಹದಿನೈದನೆಯ ದಿನ ಪ್ಯಾಂಟಿನಲ್ಲೇ ಕಟ್ಟೆಗೆ ಹೊರಟ.

ಬೆಂಚಿನ ಮೇಲೆ ಬೇರೊಬ್ಬ ಕೂತಿದ್ದ.

ಹೆಸರು ವಾಲಿ ಸ್ನೆಡ್ಡನ್. ಆ ತಿಂಗಳಷ್ಟೇ ಸ್ಕಾಟ್ಲೆಂಡಿನದೇ ಪೇಸ್ಲಿ ಊರಿನಿಂದ ಬಂದು ಬಾಡಿಗೆಗೆ ಮನೆ ಹಿಡಿದವನು, ಜೀವಮಾನವಿಡೀ ಕಿಟಕಿಯ ಗಾಜು ಮಾರಿದವನು. ಈ ಹೆಸರು ಊರು ಎಲ್ಲ ಹೆಕ್ಟರ್‌ಗೆ ತಿಳಿದದ್ದು ಅವನನ್ನು ಕೇಳಿ ಅಲ್ಲ. ಸ್ನೆಡ್ಡನ್ ಕೂತಲ್ಲೆಲ್ಲ ಅದನ್ನು ನಾಲ್ಕು ಮಾರು ದೂರಕ್ಕೆ ಕೇಳುವಂತೆ ಹೇಳುತ್ತಿದ್ದ. ಅವನು ಕಿಲ್ಟ್ ಉಟ್ಟಿದ್ದ. ಅದನ್ನು ಕಿಲ್ಟ್ ಎನ್ನುವುದಾದರೆ. ನೈಲಾನಿನಂಥ ಮಿರಿಮಿರಿ ಬಟ್ಟೆ, ಯಂತ್ರದಲ್ಲಿ ಒತ್ತಿದ ನೆರಿಗೆ, ಮಂಡಿಯಿಂದ ಅಂಗೈಯಷ್ಟು ಕೆಳಗೆ ಜೋಲುವ ಅಂಚು, ಕಾಲಿಗೆ ಬಿಳಿಯ ಓಟದ ಬೂಟು. ಮುಂದೆ ತೂಗುವ ಚೀಲ ತೊಗಲಿನದೂ ಅಲ್ಲ; ಅದರಲ್ಲಿ ಅವನು ಸಿಹಿಗುಳಿಗೆ ಇಟ್ಟುಕೊಂಡು ಬಂದವರಿಗೆಲ್ಲ ಹಂಚುತ್ತಿದ್ದ. ಅವನ ಸುತ್ತ ಜನ.

ಹೆಕ್ಟರ್ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಯಾರೂ ಅವನ ಕಡೆ ತಿರುಗಲಿಲ್ಲ. ಒಂದು ಬಸ್ಸು ಬಂತು, ನಲವತ್ತು ಜನ ಇಳಿದರು, ಸ್ನೆಡ್ಡನ್ನನ್ನು ನೋಡಿ ನಕ್ಕರು, ನಿಂತರು, ಹರಟಿದರು. ಸ್ನೆಡ್ಡನ್ ಸುಳ್ಳುಗಳನ್ನು ಕಡಲೆಪುರಿಯಂತೆ ತೂರಿದ. ಆ ಗುಡ್ಡದ ಮೇಲಿನ ಕಲ್ಲಿನ ಕಟ್ಟಡ ರಾಜನ ಅರಮನೆಯಂತೆ, ನೆರಿಗೆ ಎಷ್ಟೋ ಅಷ್ಟು ಮಕ್ಕಳಂತೆ. ಹೆಕ್ಟರನ ನಾಲಿಗೆ ತುರಿಸಿತು. ಆಗ ಒಬ್ಬ ದಪ್ಪ ಮನುಷ್ಯ ಅವನ ಬಳಿಗೆ ನೇರವಾಗಿ ಬಂದ. ಹೆಕ್ಟರ್ ಬೆನ್ನು ನೆಟ್ಟಗೆ ಮಾಡಿದ. ಮೂರು ಉತ್ತರಗಳೂ ತುದಿನಾಲಿಗೆಗೆ ಬಂದವು.

"ಯಜಮಾನ್ರೇ, ಒಂದು ಫೋಟೋ ತೆಗೀತೀರಾ? ನಾನು, ನನ್ನ ಹೆಂಡ್ತಿ, ಈ ಸ್ಕಾಟ್ಲೆಂಡಿನೋರು" ಎಂದು ಫೋನು ಕೈಗಿತ್ತ.

ಹೆಕ್ಟರ್ ತೆಗೆದ. ಮೂರು ತೆಗೆದ. ಎರಡರಲ್ಲಿ ಸ್ನೆಡ್ಡನ್ನನ ತಲೆ ಕತ್ತರಿಸಿದ, ಬೇಕೆಂದೇ. ಅವರು ನೋಡದೆ ಹೊರಟುಹೋದರು.

ಹೀಗೆ ಒಂದು ವಾರ. ಹೆಕ್ಟರ್ ದಿನಾ ಬರುತ್ತಿದ್ದ, ಕೂರುತ್ತಿದ್ದ, ಒಂದು ಮಾತೂ ಸಿಗದೆ ಎದ್ದು ಹೋಗುತ್ತಿದ್ದ. ನಲವತ್ತೊಂಬತ್ತು ವರ್ಷ ಆ ಕಟ್ಟೆಯ ಮೇಲೆ ಸವೆಸಿದವನಿಗೆ ಈಗ ಗೊತ್ತಾಯಿತು: ಅವರು ಮಾತಾಡಿಸುತ್ತಿದ್ದದ್ದು ಉಣ್ಣೆಯನ್ನು, ಅದರೊಳಗಿದ್ದವನನ್ನಲ್ಲ. ಗೊತ್ತಾದ ಮೇಲೂ ಆ ಮಾತು ಬೇಕೇ ಬೇಕು ಅನ್ನಿಸಿತು. ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ತಾನೇ ಉಗಿದು ಬಿಸಾಡಿದ್ದನ್ನು ಬಾಗಿ ಹುಡುಕುವವನ ಪಾಡು ಅದು.

ನಾಲ್ಕನೆಯ ವಾರ, ಬುಧವಾರ, ಗಾಳಿ ಎದ್ದು ಹಡಗು ನಿಂತಿತು. ಬಸ್ಸೂ ಇಲ್ಲ. ಬೆಂಚಿನ ಮೇಲೆ ಅವರಿಬ್ಬರೇ. ಸ್ನೆಡ್ಡನ್ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಿದ್ದ. ಹೆಕ್ಟರ್ ಬಾಯಿ ತೆರೆದ, ಮುಚ್ಚಿದ. ಜನ್ಮದಲ್ಲಿ ಅಪರಿಚಿತನೊಬ್ಬನ ಹತ್ತಿರ ಮಾತು ಶುರುಮಾಡಿದವನಲ್ಲ. ಹೇಗೆ ಶುರುಮಾಡುತ್ತಾರೆ ಎಂದೇ ತಿಳಿಯದು. ಶುರುವಾಗುವ ಬಗೆ ಅವನು ಕಂಡದ್ದು ಮೂರೇ ಮೂರು. ಅದರಲ್ಲಿ ಒಂದು ಬಾಯಿಂದ ಜಾರಿತು.

"ಚಳಿ ಆಗಲ್ವಾ ನಿಮ್ಗೆ?"

ಅಂದದ್ದೇ ತಡ, ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ಸ್ನೆಡ್ಡನ್ ಮಾತ್ರ ದೀಪ ಹಚ್ಚಿದ ಹಾಗೆ ಮುಖ ಅರಳಿಸಿದ.

"ಅಬ್ಬಾ, ಮಾತಾಡಿದ್ರಲ್ಲ ಮಾರಾಯ್ರೇ! ವಾರದಿಂದ ನೋಡ್ತಿದೀನಿ, ಪಾಪ ಯಾರೋ ದುಃಖದಲ್ಲಿರೋರು ಅಂದ್ಕೊಂಡು ಸುಮ್ನಿದ್ದೆ. ಚಳಿನಾ? ಆಗ್ದೆ ಏನು! ಒಳಗೆ ಎರಡು ಉದ್ದನೆ ಚಡ್ಡಿ ಹಾಕಿದೀನಿ. ಎಲ್ಲಿಂದ ಬಂದಿದೀರಿ?"

ಸರಿಯಾದ ಪ್ರಶ್ನೆಯೇ. ಆ ಊರಲ್ಲಿ ಹುಟ್ಟಿದ ಯಾವನೂ ಕಿಲ್ಟ್ ಉಟ್ಟವನಿಗೆ ಚಳಿಯಾಗುತ್ತದೆಯೇ ಎಂದು ಕೇಳುವುದಿಲ್ಲ. ಇಲ್ಲಿಯವನೇ ಎಂದರೆ ಈ ಗಾಜು ಮಾರುವವನು ಬಿದ್ದು ಬಿದ್ದು ನಗುತ್ತಾನೆ, ಸಂಜೆಯೊಳಗೆ ಪಬ್ಬಿಗೆ ಮುಟ್ಟಿಸುತ್ತಾನೆ. 

"ಕೆನಡಾ" ಅಂದ. "ಕೇಪ್ ಬ್ರೆಟನ್. ನಮ್ಮ ಮುತ್ತಜ್ಜ ಮಲ್ ದ್ವೀಪದೋರು."

"ಹೌದಾ! ಹೆಸರು?"

"ಕ್ಯಾಲ್ವಿನ್."

"ನೋಡಿದ್ರಾ, ಎಷ್ಟು ತಲೆಮಾರಾದ್ರೂ ರಾಗ ಬಿಟ್ಟಿಲ್ಲ ನೀವು! ನಮ್ಮೂರ ಜನಕ್ಕಿಂತ ಚೆನ್ನಾಗಿ ನಮ್ಮ ಮಾತು ಆಡ್ತೀರಿ. ತಗೊಳ್ಳಿ, ಟೀ ಕುಡೀರಿ."

ಹೆಕ್ಟರ್ ಕುಡಿದ. ಎರಡು ಗಂಟೆ ಮಾತಾಡಿದ. ಮೂರನೆಯ ಜಾತಿಯವರ ಮಾತುಗಳೆಲ್ಲ ಹನ್ನೊಂದು ವರ್ಷದಿಂದ ಅವನ ತಲೆಯಲ್ಲಿ ಜಮಾ ಆಗಿದ್ದವು. ನಲ್ಲಿ ತಿರುಗಿಸಿದಂತೆ ಬಂದವು. ಕೇಪ್ ಬ್ರೆಟನಿನ ಹಿಮ, ಜೋಪಡಿಗೆ ನುಗ್ಗಿದ ಕರಡಿ, ಮುತ್ತಜ್ಜ ಹಡಗು ಹತ್ತುವಾಗ ಕಿಸೆಯಲ್ಲಿ ಹಾಕಿಕೊಂಡ ಒಂದು ಹಿಡಿ ಮಣ್ಣು. ಹಿಡಿ ಮಣ್ಣಿನ ಹತ್ತಿರ ಬಂದಾಗ ಕಣ್ಣು ಒದ್ದೆಯಾಯಿತು. ತಾನೇ ಕಟ್ಟಿದ ಸುಳ್ಳಿಗೆ ತಾನೇ ಅಳುವ ಈ ಮುದುಕನನ್ನು ಕಂಡರೆ ನನಗೆ ಹೇಸಿಗೆಯೂ ಆಗುತ್ತದೆ, ಬೇರೆಯೂ ಏನೋ ಆಗುತ್ತದೆ. ಸ್ನೆಡ್ಡನ್ ಅವನ ಬೆನ್ನು ತಟ್ಟಿದ. ಯಾರಾದರೂ ಅವನನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ, ಆ ಡಚ್ ಹೆಂಗಸನ್ನು ಬಿಟ್ಟರೆ.

ಮಾರನೆಯ ದಿನವೂ ಹೋದ. ಅದರ ಮಾರನೆಯ ದಿನವೂ. ಸ್ನೆಡ್ಡನ್ ಇವನಿಗೆಂದೇ ಇನ್ನೊಂದು ಲೋಟ ತರತೊಡಗಿದ, ಮಾಂಸದ ಪಫ್ ಅರ್ಧ ಮುರಿದು ಕೊಡತೊಡಗಿದ. ಹೆಕ್ಟರ್ ಆ ನೈಲಾನು ನೋಡಿ ಮನಸ್ಸಿನಲ್ಲೇ ಮೂಗು ಮುರಿಯುತ್ತ ಪಫ್ ತಿನ್ನುತ್ತಿದ್ದ. ಒಂದು ದಿನ ಕಟ್ಟೆಯ ಮೇಲಿಂದ ಹಗ್ಗದವನೊಬ್ಬ ಕೂಗಿದ:

"ಏ ಹೆಕ್ಟರ್! ಎಲ್ಲೋ ನಿನ್ನ ಕಿಲ್ಟು?"

ಹೆಕ್ಟರ್ ಸಮುದ್ರ ನೋಡಿದ.

"ನಿಮ್ಮನ್ನೇ ಕರೆದ ಹಾಗಿತ್ತು" ಅಂದ ಸ್ನೆಡ್ಡನ್.

"ನನ್ನನ್ನಾ? ಈ ಊರಲ್ಲಿ ನನ್ನ ಹೆಸರು ಯಾರಿಗ್ರೀ ಗೊತ್ತು?"

ಹೇಳುವಾಗ ಸುಳ್ಳು ಎಂದೇ ಹೇಳಿದ. ರಾತ್ರಿ ಹಾಸಿಗೆಯಲ್ಲಿ ನೆನೆದಾಗ ಅಷ್ಟೇನೂ ಸುಳ್ಳಲ್ಲ ಅನ್ನಿಸಿತು.

ಆರು ವಾರ ತುಂಬಿತು. ಡೋಲಿನಾ ಕಿಲ್ಟನ್ನು ಮೇಜಿನ ಮೇಲೆ ಹರಡಿಟ್ಟಿದ್ದಳು. ಹೆಕ್ಟರ್‌ಗೆ ಗುರುತೇ ಸಿಗಲಿಲ್ಲ. ಒಳಮಡಿಕೆಯಲ್ಲಿ ಇಷ್ಟು ಕಾಲ ಬಿಸಿಲು ಕಾಣದೆ ಇದ್ದ ಬಣ್ಣ ಹೊರಗೆ ಬಂದಿತ್ತು. ಗಾಢ ಹಸಿರು, ಕಪ್ಪಿಗೆ ತಿರುಗುವ ನೀಲಿ, ನಡುವೆ ರಕ್ತದಂಥ ಒಂದು ಕೆಂಪು ಗೆರೆ. ಮಗ್ಗದಿಂದ ಈಗ ಇಳಿಸಿದಂತಿತ್ತು.

"ಇದು ಹೊಸದರ ಹಾಗೆ ಕಾಣುತ್ತಲ್ಲೇ."

"ನಿನ್ನ ಚಿಕ್ಕಪ್ಪ ಮೊದಲ ದಿನ ಉಟ್ಟಾಗ ಹೀಗೇ ಇತ್ತು. ನೀನು ನೋಡಿದ್ದು ಮಾಸಿದ್ದನ್ನ." ಡೋಲಿನಾ ಸೂಜಿಯನ್ನು ದಿಂಬಿಗೆ ಚುಚ್ಚಿದಳು. "ಅಂದ ಹಾಗೆ, ಕಟ್ಟೆಗೆ ಯಾವನೋ ಕೆನಡಾದೋನು ಬಂದಿದಾನಂತೆ. ನೋಡಿದೆ ನಿನ್ನೆ. ನಿನ್ನ ಮೂತೀನೇ."

ಹೆಕ್ಟರ್ ಕಿಲ್ಟಿನ ಕೆಂಪು ಗೆರೆಯನ್ನು ಬೆರಳಿನಿಂದ ಸವರಿದ.

"ಎಷ್ಟು ಜನರನ್ನ ಆಡ್ಕೊಂಡು ನಕ್ಕೆ ನೀನು. ಮುತ್ತಜ್ಜ ಅಂದವರನ್ನ, ಚಳಿ ಅಂದವರನ್ನ. ಈಗ ನೀನೇ ಹೋಗಿ ಅವರ ಸಾಲಲ್ಲಿ ನಿಂತೆ. ಥೂ."

"ಒಂದು ಮಾತಿಗೆ, ಡೋಲಿನಾ" ಅಂದ ಹೆಕ್ಟರ್. ಇಷ್ಟು ಸಣ್ಣ ದನಿ ಅವಳು ಅವನಿಂದ ಶಾಲೆಯಲ್ಲೂ ಕೇಳಿರಲಿಲ್ಲ. "ಒಂದು ಮಾತಿಗೆ."

ಅವಳು ಕಿಲ್ಟನ್ನು ಕಾಗದದಲ್ಲಿ ಸುತ್ತಿದಳು. "ನಾಳೆ ಇದನ್ನ ಉಟ್ಕೊಂಡು ಆ ಬೆಂಚಲ್ಲಿ ಯಾರಾಗಿ ಕೂರ್ತೀಯೋ ನಾನೂ ನೋಡ್ತೀನಿ."

ರಾತ್ರಿಯಿಡೀ ಹೆಕ್ಟರ್ ಮಾತು ಜೋಡಿಸಿದ. ನಾನು ಕೆನಡಾದವನಲ್ಲ, ನೀನು ಕೂತಿರುವುದು ನನ್ನ ಬೆಂಚು, ನೀನು ಉಟ್ಟಿರುವುದು ಮೇಜಿನ ಹೊದಿಕೆ. ಹೇಳಿದರೆ ಕಟ್ಟೆ ತನಗೆ ವಾಪಸು, ಆ ಮೂರು ಜಾತಿಯವರೂ ವಾಪಸು. ಹೋಗುವುದು ಅರ್ಧ ಪಫ್, ಇನ್ನೊಂದು ಲೋಟ. ದೊಡ್ಡ ನಷ್ಟವೇನಲ್ಲ ಎಂದು ತೀರ್ಮಾನಿಸಿ ಬೆಳಿಗ್ಗೆ ಹತ್ತಕ್ಕೆ, ಅಂಚು ಮಂಡಿಗೆ ಸರಿಯಾಗಿ, ಮೀಸೆ ತಿದ್ದಿಕೊಂಡು ನಡೆದ.

ಸ್ನೆಡ್ಡನ್ ಅವನನ್ನು ದೂರದಿಂದಲೇ ಕಂಡು ಎದ್ದು ನಿಂತು ಚಪ್ಪಾಳೆ ತಟ್ಟಿದ.

"ಕ್ಯಾಲ್ವಿನ್! ತಗೊಂಡೇ ಬಿಟ್ರಲ್ಲ! ನಂಗೆ ಗೊತ್ತಿತ್ತು, ಒಂದಲ್ಲ ಒಂದು ದಿನ ಉಟ್ಟೇ ಉಡ್ತೀರಿ ಅಂತ. ಬನ್ನಿ ಬನ್ನಿ, ತಿರುಗಿ ನೋಡೋಣ. ಎಷ್ಟು ಚೆನ್ನಾಗಿ ಒಪ್ಪುತ್ತೆ ಮಾರಾಯ್ರೇ! ಮುತ್ತಜ್ಜ ನೋಡಿದ್ರೆ ಅತ್ತುಬಿಡ್ತಿದ್ರು."

ಅವನ ಕಣ್ಣಲ್ಲಿ ನೀರಿತ್ತು. ನಿಜವಾದ ನೀರು. ಹೆಕ್ಟರ್ ಜೋಡಿಸಿಕೊಂಡ ಮೊದಲ ಮಾತು ಬಿಟ್ಟು, ಅವನು ಹೇಳಿದಂತೆ ಒಂದು ಸುತ್ತು ತಿರುಗಿದ.

ಅಷ್ಟರಲ್ಲಿ ಬ್ರಿಸ್ಬೇನಿನ ಇಬ್ಬರು ನರ್ಸಮ್ಮಂದಿರು ಬಂದರು. ಬೆನ್ನಿಗೆ ಚೀಲ, ಕೈಯಲ್ಲಿ ಐಸ್‌ಕ್ರೀಮು. ಅವರು ಸ್ನೆಡ್ಡನ್ನನ್ನು ದಾಟಿ ಹೆಕ್ಟರನ ಮುಂದೆ ನಿಂತರು. ಕಣ್ಣಿದ್ದವರು ಯಾರೇ ಆದರೂ ಅಲ್ಲೇ ನಿಲ್ಲುತ್ತಿದ್ದರು.

"ಅಯ್ಯೋ, ಎಷ್ಟು ಚೆನ್ನಾಗಿದೆ ಇದು!" ಅಂದಳು ಉದ್ದದವಳು. "ನಿಮ್ಮ ಮನೆತನದ್ದೇನಾ? ತುಂಬಾ ಹಳೇದಾ?"

ಹನ್ನೊಂದು ವರ್ಷ ಅವನು ಕಾದದ್ದು ಈ ಪ್ರಶ್ನೆಗೆ. ಒಳಗೇನು, ಚಳಿಯೇ ಎಂದು ಕೇಳುವವರು ಯಾರೂ ಕೇಳದ ಪ್ರಶ್ನೆ. ಚಿಕ್ಕಪ್ಪ ಮರ್ಡೋ, ಎಂಟು ಗಜ, ನಿಂತುಹೋದ ಮಗ್ಗ, ಎಲ್ಲ ಬಾಯಿಯ ತನಕ ಬಂದವು. ಸ್ನೆಡ್ಡನ್ ಒಂದು ಹೆಜ್ಜೆ ಹಿಂದೆ ಸರಿದು, ಕೈಯಲ್ಲಿ ಎರಡು ಲೋಟ ಹಿಡಿದು, ಹೆಮ್ಮೆಯಿಂದ ನಗುತ್ತ ನಿಂತಿದ್ದ. ಆ ಬೀದಿಯಾಚೆ ಮೀನಂಗಡಿಯ ಮುಂದೆ ಡೋಲಿನಾಳೂ ನಿಂತಿದ್ದಳು, ಕೈಚೀಲ ಎದೆಗವಚಿಕೊಂಡು.

"ಇಲ್ಲಮ್ಮ" ಅಂದ ಹೆಕ್ಟರ್. "ಹೊಸದು. ನಿನ್ನೆ ತಗೊಂಡೆ. ನಾನು ಕೆನಡಾದೋನು. ಏನಾದ್ರೂ ಕೇಳೋದಿದ್ರೆ ಇವರನ್ನ ಕೇಳಿ, ಇವರು ಇಲ್ಲಿಯೋರು."

ಸ್ನೆಡ್ಡನ್ನನಿಗೆ ಇನ್ನೇನು ಬೇಕು. ನೆರಿಗೆ ಎಷ್ಟೋ ಅಷ್ಟು ಮಕ್ಕಳು, ಗುಡ್ಡದ ಮೇಲೆ ರಾಜನ ಅರಮನೆ. ಹೆಕ್ಟರ್ ಒಂದನ್ನೂ ತಿದ್ದಲಿಲ್ಲ. ಮಾತಿನ ನಡುವೆ ಸ್ನೆಡ್ಡನ್ ಅವನ ಕಡೆ ತಿರುಗಿ, "ಹಾಗೆ ಕೂರಬಾರದು ಕ್ಯಾಲ್ವಿನ್, ಹಿಂದಿನ ನೆರಿಗೆ ಕೈಯಲ್ಲಿ ಸವರಿಕೊಂಡು ಕೂರಬೇಕು. ಅಭ್ಯಾಸ ಆಗುತ್ತೆ ಬಿಡಿ" ಅಂದ. ಹೆಕ್ಟರ್ ಎದ್ದು, ಡೋಲಿನಾ ಹೊಲಿದ ನೆರಿಗೆಗಳನ್ನು ಅಂಗೈಯಲ್ಲಿ ಸವರಿಕೊಂಡು, ಹೇಳಿದ ಹಾಗೆ ಕೂತ. ಬೀದಿಯಾಚೆ ನೋಡಿದಾಗ ಡೋಲಿನಾ ಇರಲಿಲ್ಲ.

ಆಗಸ್ಟಿನಲ್ಲಿ ಅಂಚೆಯವನು ಒಂದು ಕಾಗದ ತಂದ. ವಿಳಾಸ ಓದಿ, ಹೆಕ್ಟರನ ಮುಖ ನೋಡಿ, ಸ್ನೆಡ್ಡನ್ನನ ಕೈಗೆ ಕೊಟ್ಟು ಹೋದ. "ಸ್ಕಾಟ್ಲೆಂಡಿನ ಯಜಮಾನರಿಗೂ ಅವರ ಕೆನಡಾದ ಗೆಳೆಯರಿಗೂ, ಹಸಿರು ಬೆಂಚು, ಓಬನ್" ಎಂದು ಬರೆದಿತ್ತು. ಬ್ರಿಸ್ಬೇನಿನದು. ಸ್ನೆಡ್ಡನ್ ಎರಡು ಸಲ ಗಟ್ಟಿಯಾಗಿ ಓದಿ ಅದನ್ನು ಹೆಕ್ಟರನ ಕೈಯಲ್ಲಿಟ್ಟ.

"ನೀವೇ ಇಟ್ಕೊಳ್ಳಿ ಕ್ಯಾಲ್ವಿನ್. ಊರಿಗೆ ಹೋದಾಗ ನಿಮ್ಮೋರಿಗೆ ತೋರಿಸೋಕಾಗುತ್ತೆ. ಅಂದ ಹಾಗೆ ಯಾವಾಗ ಹೊರಡ್ತೀರಿ?"

ಹೆಕ್ಟರ್ ಕಾಗದವನ್ನು ಮುಂದಿನ ಚೀಲದೊಳಗೆ ಇಟ್ಟುಕೊಂಡು ಗುಂಡಿ ಹಾಕಿದ. ಅವನಿಗೆ ಎಪ್ಪತ್ತೆರಡು ವರ್ಷ. ಆ ಕಟ್ಟೆಯಿಂದ ನೋಡಿದರೆ ಕಾಣುವ ಮನೆಯಲ್ಲೇ ಹುಟ್ಟಿದ್ದ.

"ಇನ್ನೂ ಸ್ವಲ್ಪ ದಿನ ಇರ್ತೀನಿ" ಅಂದ.